ಹಲ್ಲಿಗೆ ತಂತಿ ಬಂದ ಇತಿಹಾಸ

ಇತಿಹಾಸವೆಂದೊಡನೆ ಪಟ್ಟಾಭಿಷೇಕ, ದಂಡಯಾತ್ರೆ, ಸಂಧಿವಿಗ್ರಹಗಳೇ ನೆನಪಿಗೆ ಬರುವಂತೆ ಪಠ್ಯಪುಸ್ತಕಗಳು ನಮ್ಮನ್ನು ಪಳಗಿಸಿಬಿಟ್ಟಿವೆ. ಬಾಯೊಳಗಿನ ಹಲ್ಲಿನ ಸಾಲಿಗೂ ಒಂದು ಇತಿಹಾಸವುಂಟೆಂದರೆ ಕೆಲವರಿಗೆ ನಗೆ ಬಂದೀತು. ಆದರೆ ನಮ್ಮ ಗಡಿನಾಡಿನ ಕನ್ನಡ ಶಾಲೆಗಳ ಆರನೆಯ, ಏಳನೆಯ ತರಗತಿಗಳಲ್ಲಿ ಕೈಯನ್ನು ಬಾಯಿಗೆ ಅಡ್ಡ ಹಿಡಿದು ನಗುವ ಮಕ್ಕಳನ್ನು ಕಾಣದ ಉಪಾಧ್ಯಾಯರಿಲ್ಲ. ಕೆಲವರ ಹಲ್ಲು ಉಬ್ಬಿದೆ. ಕೆಲವರದು ಒಂದರ ಮೇಲೊಂದು ಏರಿದೆ. ಇನ್ನು ಕೆಲವರ ಹಲ್ಲಿಗೆ ಲೋಹದ ತಂತಿ ಬಿಗಿದಿದೆ. ಕನ್ನಡ ಮನೆಗಳಲ್ಲಿ ಇದನ್ನು ‘ಕ್ಲಿಪ್ಪು’ ಎನ್ನುತ್ತಾರೆ, ಕಾಸರಗೋಡಿನ ಮಲಯಾಳಿ ನೆರೆಮನೆಯಲ್ಲಿ ‘ಕಂಬಿ’ ಎನ್ನುತ್ತಾರೆ. ಸಹಪಾಠಿಗಳು ಇಡುವ ಅಡ್ಡಹೆಸರುಗಳನ್ನು ಇಲ್ಲಿ ಬರೆಯುವುದು ಬೇಡ. ಅವು ಉಪಾಧ್ಯಾಯ ಬಂಧುಗಳ ಕಿವಿಗೆ ಬಿದ್ದೇ ಇರುತ್ತವೆ.

ತಂದೆತಾಯಿಗಳ ಪ್ರಶ್ನೆಯೂ ಶಾಲೆಯ ಜಗಲಿಯವರೆಗೆ ಬರುತ್ತದೆ. “ಮಾಸ್ಟ್ರೇ, ಡಾಕ್ಟರು ನಾಲ್ಕು ಒಳ್ಳೆಯ ಹಲ್ಲು ಕೀಳಬೇಕೆನ್ನುತ್ತಾರೆ. ಕೀಳಿಸಬಹುದೇ?” ಎಂದು ಕೇಳುತ್ತಾರೆ. ನಾವು ವೈದ್ಯರಲ್ಲ, ಉತ್ತರ ಹೇಳುವ ಅಧಿಕಾರ ನಮಗಿಲ್ಲ. ಆದರೆ ಇದೇ ಪ್ರಶ್ನೆಯ ಮೇಲೆ ಈ ಶಾಸ್ತ್ರದ ಮಹಾಮಹಿಮರು ಒಂದು ತಲೆಮಾರಿನ ಕಾಲ ಜಗಳವಾಡಿದ್ದಾರೆ, ಗುರುಶಿಷ್ಯರು ಬೇರೆಬೇರೆಯಾಗಿದ್ದಾರೆ. ಆ ವೃತ್ತಾಂತವನ್ನು ತಿಳಿದರೆ ಪ್ರಶ್ನೆ ಕೇಳಿದವರನ್ನು ಬರಿಗೈಯಲ್ಲಿ ಕಳುಹಿಸಬೇಕಾಗಿಲ್ಲ.

ವಕ್ರವಾಗಿ ಹುಟ್ಟಿದ ಹಲ್ಲು ಹೊಸ ಕಾಲದ ರೋಗವಲ್ಲ. ವಾಗ್ಭಟನ ‘ಅಷ್ಟಾಂಗಹೃದಯ’ದಲ್ಲಿ ವಿಕಾರವಾಗಿ ಹುಟ್ಟುವ ಹಲ್ಲಿಗೆ ‘ಕರಾಲ’ ಎಂಬ ಹೆಸರಿದೆ. ನಾವು ಇಂದು ‘ಕರಾಳ ರಾತ್ರಿ’, ‘ಕರಾಳ ಶಾಸನ’ ಎಂದು ಬರೆಯುವಾಗ ಬಳಸುವ ಶಬ್ದವೂ ಇದೇ. ಒಂದು ಹಲ್ಲಿನ ಓರೆಯನ್ನು ಭಯಂಕರತೆಗೆ ಸಮೀಕರಿಸಿದ ಭಾಷೆ ನಮ್ಮದು. ಏಕದಂತನನ್ನು ಮೊದಲು ಪೂಜಿಸುವ ನಾಡೂ ನಮ್ಮದೇ ಎಂಬುದನ್ನು ಮರೆಯಬಾರದು.

ಹಲ್ಲನ್ನು ನೇರಮಾಡುವ ಉಪಾಯವನ್ನು ಬರೆದಿಟ್ಟವರಲ್ಲಿ ಅತಿ ಹಳಬನೆಂದು ರೋಮಿನ ಸೆಲ್ಸಸ್ ಎಂಬುವನನ್ನು ಹೇಳುತ್ತಾರೆ. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ಅವನು ರಚಿಸಿದ ವೈದ್ಯಗ್ರಂಥದಲ್ಲಿ ಒಂದು ಸರಳವಾದ ಮಾತಿದೆ. ಹಾಲುಹಲ್ಲು ಬೀಳುವ ಮೊದಲೇ ಅದರ ಹಿಂದೆ ಹೊಸ ಹಲ್ಲು ಮೂಡಿದರೆ, ಹಾಲುಹಲ್ಲನ್ನು ತೆಗೆದು, ಹೊಸ ಹಲ್ಲನ್ನು ದಿನದಿನವೂ ಬೆರಳಿನಿಂದ ಅದರ ಸ್ಥಾನದತ್ತ ಒತ್ತುತ್ತ ಬರಬೇಕು. ತಂತಿಯಿಲ್ಲ, ಯಂತ್ರವಿಲ್ಲ, ಬರಿಯ ಬೆರಳು ಮತ್ತು ತಾಳ್ಮೆ. ಬಿದ್ದ ಹಾಲುಹಲ್ಲನ್ನು ಸಗಣಿಯಲ್ಲಿಟ್ಟು ಮಾಡಿನ ಮೇಲೆ ಎಸೆದು ಸುಮ್ಮನಾಗುವ ನಮಗೆ, ಅದು ಬೀಳದೆ ನಿಂತಾಗ ಏನಾಗುತ್ತದೆ ಎಂಬುದರತ್ತ ಗಮನ ಹೋಗುವುದು ಕಡಿಮೆ. ಮೆಲ್ಲಗೆ, ಆದರೆ ಬಿಡದೆ ಒತ್ತಿದರೆ ಹಲ್ಲು ಸರಿಯುತ್ತದೆ ಎಂಬ ಸತ್ಯವನ್ನು ಸೆಲ್ಸಸ್ ಕಂಡಿದ್ದನು. ಮುಂದೆ ಬಂದುದೆಲ್ಲ ಆ ಬೆರಳಿನ ಬದಲಿಗೆ ಏನನ್ನು ಇಡಬೇಕೆಂಬ ಹುಡುಕಾಟ.

ಇಟಲಿಯ ಪ್ರಾಚೀನ ಎಟ್ರಸ್ಕನ್ ಜನರ ಸಮಾಧಿಗಳಲ್ಲಿ ಹಲ್ಲಿಗೆ ಸುತ್ತಿದ ಚಿನ್ನದ ಪಟ್ಟಿಗಳು ದೊರೆತಿವೆ. ಅವರೂ ಹಲ್ಲಿಗೆ ಕ್ಲಿಪ್ಪು ಹಾಕಿಸುತ್ತಿದ್ದರೆಂದು ಉತ್ಸಾಹದಿಂದ ಬರೆದವರುಂಟು. ಆದರೆ ಆ ಪಟ್ಟಿಗಳು ಬಿದ್ದುಹೋದ ಹಲ್ಲಿನ ಜಾಗದಲ್ಲಿ ಬೇರೊಂದು ಹಲ್ಲನ್ನು ಹಿಡಿದು ನಿಲ್ಲಿಸಲು ಮಾಡಿದವೆಂದು ಅವುಗಳನ್ನು ಪರೀಕ್ಷಿಸಿದವರು ತೋರಿಸಿದ್ದಾರೆ. ಚಿನ್ನ ಕಂಡಲ್ಲೆಲ್ಲ ನಮಗೆ ಬೇಕಾದ ಕಥೆಯನ್ನು ಕಟ್ಟುವುದು ಇತಿಹಾಸದ ವಿದ್ಯಾರ್ಥಿಗೆ ತಕ್ಕುದಲ್ಲ.

ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸ್ ದೇಶದಲ್ಲಿ ಈ ಕಥೆಗೆ ನಿಜವಾದ ಆರಂಭ ದೊರೆಯಿತು. ಪಿಯರ್ ಫೊಶಾರ್ ಎಂಬ ವೈದ್ಯನು ೧೭೨೮ರಲ್ಲಿ ದಂತಚಿಕಿತ್ಸೆಯನ್ನು ಕುರಿತ ತನ್ನ ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಅಲ್ಲಿಯವರೆಗೆ ಹಲ್ಲು ಕೀಳುವುದು ಸಂತೆಯ ಕೌಶಲವಾಗಿತ್ತು. ಜಾತ್ರೆಯಲ್ಲಿ ಡೋಲು ಬಡಿಸಿ ಜನ ಸೇರಿಸಿ ಹಲ್ಲು ಕೀಳುವವರೂ ಇದ್ದರು. ಫೊಶಾರನು ಅದನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದನು. ಕುದುರೆಯ ಲಾಳದಂತೆ ಬಾಗಿದ ಬೆಳ್ಳಿಯ ಅಥವಾ ಚಿನ್ನದ ತೆಳುಪಟ್ಟಿಯಲ್ಲಿ ಸಣ್ಣ ರಂಧ್ರಗಳನ್ನು ಕೊರೆದು, ಅವುಗಳ ಮೂಲಕ ದಾರವನ್ನು ಹಾಯಿಸಿ, ಓರೆಯಾದ ಹಲ್ಲುಗಳನ್ನು ಆ ಪಟ್ಟಿಗೆ ಕಟ್ಟುತ್ತಿದ್ದನು. ಪಟ್ಟಿ ಬಾಗದು, ದಾರ ಎಳೆಯುವುದು, ಹಲ್ಲು ಕ್ರಮೇಣ ಸಾಲಿಗೆ ಬರುವುದು. ಇಂದಿನ ತಂತಿಯ ಮುತ್ತಜ್ಜ ಇದೇ. ಕಾಯಲು ವ್ಯವಧಾನವಿಲ್ಲದೆಡೆ ಅವನು ಇಕ್ಕಳದಿಂದ ಹಲ್ಲನ್ನು ಬಲಾತ್ಕಾರವಾಗಿ ತಿರುಗಿಸಿ ಪಕ್ಕದ ಹಲ್ಲಿಗೆ ಕಟ್ಟಿಬಿಡುತ್ತಿದ್ದುದೂ ಉಂಟು. ಅರಿವಳಿಕೆ ಇಲ್ಲದ ಕಾಲವದು. ತಂತಿಯ ನೋವು ತಾಳಲಾರೆನೆನ್ನುವ ಮಕ್ಕಳಿಗೆ ಈ ಸಂಗತಿಯನ್ನು ಹೇಳಬಹುದು, ಸಮಾಧಾನವಾದರೂ ಆದೀತು.

ಫ್ರೆಂಚ್ ಅರಸನ ದಂತವೈದ್ಯನಾದ ಎತಿಯೆನ್ ಬೂರ್ದೆಯು ೧೭೫೭ರ ತನ್ನ ಗ್ರಂಥದಲ್ಲಿ, ದವಡೆಯಲ್ಲಿ ಸ್ಥಳ ಸಾಲದಿದ್ದರೆ ಕೋರೆಹಲ್ಲಿನ ಹಿಂದಿನ ಸಣ್ಣ ದವಡೆಹಲ್ಲನ್ನು ತೆಗೆದು ಸ್ಥಳ ಮಾಡಬಹುದೆಂದನು. ನಮ್ಮ ಜಗಲಿಯ ಪ್ರಶ್ನೆಯ ಬೀಜ ಇಲ್ಲಿದೆ. ೧೭೭೧ರಲ್ಲಿ ಲಂಡನ್ನಿನ ಜಾನ್ ಹಂಟರ್ ಮನುಷ್ಯನ ಹಲ್ಲಿನ ರಚನೆ, ಬೆಳವಣಿಗೆಗಳನ್ನು ಕುರಿತು ಬರೆದನು. ಮುಂದಿನ ಶತಮಾನದಲ್ಲಿ, ೧೮೪೧ರಲ್ಲಿ, ಫ್ರಾನ್ಸಿನ ಲೆಫೂಲೋನ್ ಈ ವಿದ್ಯೆಗೆ ಒಂದು ಹೆಸರನ್ನಿಟ್ಟನು. ಗ್ರೀಕಿನಲ್ಲಿ ‘ಆರ್ಥೋಸ್’ ಎಂದರೆ ನೇರ, ‘ಒಡೋಂಟ್’ ಎಂಬ ಧಾತು ಹಲ್ಲು. ಇಂದಿನ ‘ಆರ್ಥೊಡಾಂಟಿಕ್ಸ್’ ಎಂಬ ಶಬ್ದಕ್ಕೆ ಮೂಲ ಅದು. ಅಮೆರಿಕೆಯ ಗುಡ್‌ಇಯರ್ ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿಮಾಡುವ ವಿಧಾನವನ್ನು ೧೮೩೯ರಲ್ಲಿ ಕಂಡುಹಿಡಿದಿದ್ದನು. ಕೆಲವೇ ದಶಕಗಳಲ್ಲಿ ರಬ್ಬರಿನ ಸಣ್ಣ ಉಂಗುರಗಳು ಹಲ್ಲನ್ನೆಳೆಯುವ ಕೆಲಸಕ್ಕೂ ಬಂದವು. ನಾರ್ಮನ್ ಕಿಂಗ್ಸ್‌ಲೀ ಎಂಬ ನ್ಯೂಯಾರ್ಕಿನ ದಂತವೈದ್ಯನು ಶಿಲ್ಪಿಯೂ ಆಗಿದ್ದನು. ಸೀಳಂಗುಳದ ಮಕ್ಕಳಿಗೆ ಮಾತು ಬರುವಂತೆ ಉಪಕರಣಗಳನ್ನು ಮಾಡಿದನು. ಅವನ ೧೮೮೦ರ ಗ್ರಂಥ ಬಾಯಿಯ ವಿಕಾರಗಳ ಚಿಕಿತ್ಸೆಯಲ್ಲಿ ಒಂದು ಮೈಲಿಗಲ್ಲು.

ಇಷ್ಟಾದರೂ, ಯಾವ ಬಾಯಿ ಸರಿ, ಯಾವುದು ಓರೆ ಎಂದು ಅಳೆಯುವ ಕೋಲು ಇರಲಿಲ್ಲ. ಅದನ್ನು ಕೊಟ್ಟವನು ಎಡ್ವರ್ಡ್ ಹಾರ್ಟ್ಲೀ ಆ್ಯಂಗಲ್. ಅಮೆರಿಕೆಯ ಪೆನ್ಸಿಲ್ವೇನಿಯಾದಲ್ಲಿ ೧೮೫೫ರಲ್ಲಿ ಜನಿಸಿದ ಈತನು ೧೮೯೯ರಲ್ಲಿ ತನ್ನ ಪ್ರಸಿದ್ಧ ವರ್ಗೀಕರಣವನ್ನು ಪ್ರಕಟಿಸಿದನು. ಆರನೆಯ ವಯಸ್ಸಿನ ಸುಮಾರಿಗೆ ಹಾಲುಹಲ್ಲುಗಳ ಹಿಂದೆ ಹುಟ್ಟುವ ಮೊದಲ ದೊಡ್ಡ ದವಡೆಹಲ್ಲನ್ನೇ ಅವನು ಗುರುತಿನ ಕಲ್ಲಾಗಿ ಇಟ್ಟುಕೊಂಡನು. ಮೇಲಿನದೂ ಕೆಳಗಿನದೂ ಸರಿಯಾಗಿ ಕೂಡಿದ್ದು ಮುಂದಿನ ಹಲ್ಲುಗಳು ಮಾತ್ರ ಓರೆಯಾಗಿದ್ದರೆ ಮೊದಲನೆಯ ವರ್ಗ. ಕೆಳಸಾಲು ಹಿಂದೆ ಸರಿದಿದ್ದರೆ ಎರಡನೆಯದು. ಕೆಳಸಾಲು ಮುಂದೆ ಬಂದಿದ್ದರೆ ಮೂರನೆಯದು. ಉಬ್ಬುಹಲ್ಲಿನ ಮಕ್ಕಳಲ್ಲಿ ಬಹುಮಂದಿ ಎರಡನೆಯ ವರ್ಗದವರು. ಮೇಲಿನ ಹಲ್ಲು ಮುಂದೆ ಬಂದಂತೆ ಕಾಣುವುದಕ್ಕೆ ಎಷ್ಟೋ ಸಲ ಕೆಳದವಡೆ ಹಿಂದುಳಿದಿರುವುದೇ ಕಾರಣವೆಂಬುದು ಕನ್ನಡಿಯಲ್ಲಿ ತಿಳಿಯುವ ಮಾತಲ್ಲ. ನೂರಿಪ್ಪತ್ತು ವರ್ಷಗಳು ಕಳೆದ ಮೇಲೂ ವೈದ್ಯರು ಬಾಯಿ ನೋಡಿ ಚೀಟಿಯಲ್ಲಿ ಬರೆಯುವುದು ಈ ಮೂರು ವರ್ಗಗಳನ್ನೇ.

ಆ್ಯಂಗಲ್ ಸೇಂಟ್ ಲೂಯಿಯಲ್ಲಿ ೧೯೦೦ರಲ್ಲಿ ಈ ಒಂದೇ ವಿದ್ಯೆಗೆ ಮೀಸಲಾದ ಶಾಲೆಯನ್ನು ತೆರೆದನು. ಗುರುವೆಂದರೆ ಕಟ್ಟುನಿಟ್ಟಾದ ಗುರು. ಅವನ ಮುಖ್ಯ ಸಿದ್ಧಾಂತ ಒಂದು: ಪ್ರಕೃತಿಯು ಮನುಷ್ಯನಿಗೆ ಕೊಟ್ಟ ಹಲ್ಲುಗಳಿಗೆಲ್ಲ ದವಡೆಯಲ್ಲಿ ಸ್ಥಳವುಂಟು, ಚಿಕಿತ್ಸಕನು ಸಾಲನ್ನು ಅಗಲಿಸಿದರೆ ಎಲುಬು ತಾನಾಗಿ ಬೆಳೆದು ಹಿಡಿದುಕೊಳ್ಳುವುದು, ಆದುದರಿಂದ ಹಲ್ಲನ್ನು ಕೀಳುವುದು ಅಪರಾಧ. ಮುಖಸೌಂದರ್ಯಕ್ಕೆ ಗ್ರೀಕರ ಅಪೊಲೊ ವಿಗ್ರಹವನ್ನು ಅವನು ಮಾದರಿಯೆಂದು ತೋರಿಸುತ್ತಿದ್ದನು. ಶಿಕಾಗೋದ ಕ್ಯಾಲ್ವಿನ್ ಕೇಸ್ ಇದನ್ನು ಒಪ್ಪಲಿಲ್ಲ. ಕೆಲವು ಮುಖಗಳಲ್ಲಿ ಹಲ್ಲು ತೆಗೆಯದೆ ಸಾಲು ನೇರವಾದರೆ ತುಟಿಗಳೇ ಕೂಡದಂತೆ ಉಬ್ಬುವುವೆಂಬುದು ಅವನ ವಾದ. ೧೯೧೧ರಲ್ಲಿ ಅಮೆರಿಕೆಯ ದಂತವೈದ್ಯರ ಸಭೆಯಲ್ಲಿ ಈ ವಿಚಾರವಾಗಿ ನಡೆದ ವಾಗ್ವಾದ ಇಂದಿಗೂ ಹೆಸರಾಗಿದೆ. ಗೆದ್ದುದು ಆ್ಯಂಗಲ್ಲನ ಪಕ್ಷ. ಅವನು ೧೯೨೮ರಲ್ಲಿ ತನ್ನ ಕೊನೆಯ ಉಪಕರಣವನ್ನು ಲೋಕಕ್ಕೆ ಕೊಟ್ಟನು, ೧೯೩೦ರಲ್ಲಿ ತೀರಿಕೊಂಡನು.

ಗುರುವಿನ ಮರಣಾನಂತರ ನಡೆದ ಸಂಗತಿ ನಮಗೆ ಇಡೀ ಇತಿಹಾಸದಲ್ಲಿ ಅತ್ಯಂತ ಸ್ವಾರಸ್ಯದ ಭಾಗವೆನಿಸುತ್ತದೆ. ಅರಿಜೋನಾದ ಚಾರ್ಲ್ಸ್ ಟ್ವೀಡ್ ಅವನ ಪರಮ ಶಿಷ್ಯನು. ಹಲವು ವರ್ಷ ಗುರುವಾಕ್ಯದಂತೆ ಒಂದು ಹಲ್ಲನ್ನೂ ಕೀಳದೆ ಚಿಕಿತ್ಸೆ ಮಾಡಿದನು. ಬಳಿಕ ತಾನೇ ಚಿಕಿತ್ಸೆ ಮಾಡಿದವರನ್ನು ಕರೆದು ನೋಡಿದಾಗ, ಎಷ್ಟೋ ಬಾಯಿಗಳಲ್ಲಿ ಹಲ್ಲುಗಳು ಮತ್ತೆ ಓರೆಯಾಗಿದ್ದುವು, ಮುಖಗಳು ಉಬ್ಬಿದ್ದುವು. ಅವರಲ್ಲಿ ಅನೇಕರಿಗೆ ನಾಲ್ಕು ಸಣ್ಣ ದವಡೆಹಲ್ಲುಗಳನ್ನು ತೆಗೆದು ಎರಡನೆಯ ಸಲ ಚಿಕಿತ್ಸೆ ಮಾಡಿದನು. ೧೯೪೦ರ ಸುಮಾರಿಗೆ ಆ ಫಲಿತಾಂಶಗಳನ್ನು ತನ್ನ ವೃತ್ತಿಬಾಂಧವರ ಮುಂದಿಟ್ಟನು. ಗುರುದ್ರೋಹವೆಂದು ಜರೆದವರಿಗೆ ಕೊರತೆಯಿರಲಿಲ್ಲ. ಆದರೆ ಅವನು ತೋರಿಸಿದ್ದು ತನ್ನದೇ ಕೈಕೆಲಸದ ಎರಡು ಫಲಗಳನ್ನು. ಅದಕ್ಕೆ ಉತ್ತರ ಹೇಳುವುದು ಸುಲಭವಾಗಿರಲಿಲ್ಲ.

ಇತ್ತ ಆಸ್ಟ್ರೇಲಿಯದ ಅಡಿಲೇಡಿನಲ್ಲಿ ರೇಮಂಡ್ ಬೆಗ್ ಎಂಬ ಇನ್ನೊಬ್ಬ ಶಿಷ್ಯನು ಬೇರೊಂದು ದಾರಿಯಿಂದ ಅದೇ ನಿಲುವಿಗೆ ಬಂದಿದ್ದನು. ಆ ಖಂಡದ ಮೂಲನಿವಾಸಿಗಳ ತಲೆಬುರುಡೆಗಳಲ್ಲಿ ಹಲ್ಲುಗಳು ಒರಟು ಆಹಾರದಿಂದ ಮೇಲ್ಗಡೆ ಮಾತ್ರವಲ್ಲದೆ ಪಕ್ಕಗಳಲ್ಲಿಯೂ ಸವೆದಿದ್ದುದನ್ನು ಅವನು ಗಮನಿಸಿದನು. ಹೀಗೆ ಸವೆದಾಗ ಸಾಲಿನ ಒಟ್ಟು ಉದ್ದ ಕಡಿಮೆಯಾಗಿ ಎಲ್ಲ ಹಲ್ಲುಗಳಿಗೂ ಸ್ಥಳ ಸಿಗುತ್ತದೆ. ಬೇಯಿಸಿದ ಮೆತ್ತನೆಯ ಅನ್ನ ತಿನ್ನುವ ನಾಗರಿಕನ ಹಲ್ಲು ಸವೆಯುವುದಿಲ್ಲ, ಆದುದರಿಂದ ಸ್ಥಳ ಸಾಲದು. ಸವೆತದಿಂದ ಆಗಬೇಕಾದುದನ್ನು ಹಲ್ಲು ತೆಗೆದು ಮಾಡಬೇಕಾಗುತ್ತದೆಂಬುದು ಅವನ ತರ್ಕ. ೧೯೫೪ರಲ್ಲಿ ಪ್ರಕಟವಾದ ಅವನ ಲೇಖನವೂ, ವಿಲ್‌ಕಾಕ್ ಎಂಬ ಲೋಹತಜ್ಞನ ನೆರವಿನಿಂದ ಮಾಡಿಸಿದ ತೆಳ್ಳನೆಯ ಚಿಮ್ಮುಗುಣದ ಉಕ್ಕಿನ ತಂತಿಯೂ ಲೋಕಪ್ರಸಿದ್ಧವಾದುವು. ಬೆಗ್ಗನ ತರ್ಕವನ್ನು ಪೂರ್ತಿ ಒಪ್ಪದವರು ಇದ್ದಾರೆ. ದವಡೆ ಬೆಳೆಯುವ ಕಾಲದಲ್ಲಿ ಅಗಿಯುವ ಕೆಲಸ ಕಡಿಮೆಯಾದರೆ ದವಡೆಯೇ ಚಿಕ್ಕದಾಗುವುದೆಂಬುದು ಇನ್ನೊಂದು ಅಭಿಪ್ರಾಯ. ಇವೆರಡರ ಜತೆಗೆ ವಂಶಗುಣವಿದೆ, ಬೆರಳು ಚೀಪುವ ಅಭ್ಯಾಸವಿದೆ, ಹಾಲುಹಲ್ಲು ಹುಳುಕಾಗಿ ಕಾಲಕ್ಕೆ ಮೊದಲೇ ಬೀಳುವುದೂ ಇದೆ. ಕೊನೆಯ ಎರಡು ಒಂದನೆಯ ತರಗತಿಯ ಉಪಾಧ್ಯಾಯರ ಕಣ್ಣೆದುರಿಗೇ ಇರುವಂಥವು.

ಹಾಗಾದರೆ ಕೀಳಿಸಬೇಕೇ, ಬೇಡವೇ? ಟ್ವೀಡನ ನಂತರ ಕೆಲವು ದಶಕಗಳ ಕಾಲ ಲೋಲಕವು ಕೀಳುವ ಕಡೆಗೆ ಬಹಳ ದೂರ ಹೋಯಿತು. ಆಮೇಲೆ ಹಿಂದಕ್ಕೆ ಬಂದಿತು. ಇಂದಿನ ವೈದ್ಯರು ಸ್ಥಳವನ್ನು ಅಳೆದು, ಕ್ಷ-ಕಿರಣದ ಚಿತ್ರ ತೆಗೆದು, ತುಟಿಯ ರೂಪವನ್ನೂ ನೋಡಿ, ಒಂದೊಂದು ಬಾಯಿಗೆ ಒಂದೊಂದು ತೀರ್ಮಾನ ಮಾಡುತ್ತಾರೆ. ತಲೆಯನ್ನು ಸ್ಥಿರವಾಗಿ ಹಿಡಿದು ಪಕ್ಕದಿಂದ ಕ್ಷ-ಕಿರಣದ ಚಿತ್ರ ತೆಗೆದು ಅಳೆಯುವ ಈ ಪದ್ಧತಿ ೧೯೩೧ರಿಂದ ಬಂದುದು. ಅಮೆರಿಕೆಯ ಬ್ರಾಡ್‌ಬೆಂಟ್, ಜರ್ಮನಿಯ ಹೊಫ್ರಾಟ್ ಇಬ್ಬರೂ ಅದೇ ವರ್ಷ ಅದನ್ನು ಪ್ರಕಟಿಸಿದರು. ಪಾಲಕರು ವೈದ್ಯರನ್ನು ಕೇಳಬೇಕಾದ ಪ್ರಶ್ನೆ “ಕೀಳದಿದ್ದರೆ ನಡೆಯದೇ?” ಎಂಬುದಷ್ಟೇ ಅಲ್ಲ, “ಎಷ್ಟು ಸ್ಥಳ ಬೇಕು, ಎಷ್ಟು ಇದೆ, ತೆಗೆಯದಿದ್ದರೆ ತುಟಿ ಎಲ್ಲಿ ನಿಲ್ಲುತ್ತದೆ?” ಎಂದು ಕೇಳುವುದು ಲೇಸು. ಕಾರಣ ಕೇಳಿದರೆ ಒಳ್ಳೆಯ ವೈದ್ಯರು ಕೋಪಿಸಿಕೊಳ್ಳುವುದಿಲ್ಲ.

ಗಟ್ಟಿಯಾದ ಎಲುಬಿನಲ್ಲಿ ನೆಟ್ಟ ಹಲ್ಲು ಸರಿಯುವುದಾದರೂ ಹೇಗೆ? ಹಲ್ಲಿನ ಬೇರಿಗೂ ಎಲುಬಿಗೂ ನಡುವೆ ಕಾಲು ಮಿಲಿಮೀಟರಿನಷ್ಟು ತೆಳುವಾದ ನಾರಿನ ಪದರವಿದೆ. ಸ್ವೀಡನ್ನಿನ ಸ್ಯಾಂಡ್‌ಸ್ಟೆಡ್ ೧೯೦೪ರ ಸುಮಾರಿಗೆ ನಾಯಿಯ ಹಲ್ಲಿನ ಮೇಲೆ ಪ್ರಯೋಗ ಮಾಡಿ, ಒತ್ತಡ ಬಿದ್ದ ಕಡೆ ಎಲುಬು ಕರಗುವುದನ್ನೂ ಎಳೆತ ಬಿದ್ದ ಕಡೆ ಹೊಸ ಎಲುಬು ಕಟ್ಟುವುದನ್ನೂ ಸೂಕ್ಷ್ಮದರ್ಶಕದಲ್ಲಿ ಕಂಡನು. ಬಲ ಹೆಚ್ಚಾದರೆ ಆ ಪದರದ ರಕ್ತಸಂಚಾರ ನಿಂತು ಕೆಲಸವೇ ನಿಲ್ಲುತ್ತದೆ. ೧೯೩೨ರಲ್ಲಿ ಶ್ವಾರ್ಟ್ಸ್ ಎಂಬುವನು ಒಂದು ಚದರ ಸೆಂಟಿಮೀಟರಿಗೆ ೨೦ರಿಂದ ೨೬ ಗ್ರಾಂ ಬಲವೇ ತಕ್ಕುದೆಂದು ಲೆಕ್ಕ ಹೇಳಿದನು. ಅಂದರೆ ಗದ್ದೆಯ ನೀರಿನಂತೆ ಮೆಲ್ಲಗೆ ಹರಿದರೆ ಮಾತ್ರ ಫಲ. ಹಲ್ಲು ತಿಂಗಳಿಗೆ ಸುಮಾರು ಒಂದು ಮಿಲಿಮೀಟರು ಸರಿಯುತ್ತದೆ. ಚಿಕಿತ್ಸೆಗೆ ಒಂದೂವರೆ, ಎರಡು ವರ್ಷ ಏಕೆ ಬೇಕು, ನಾಲ್ಕಾರು ವಾರಗಳಿಗೊಮ್ಮೆ ಏಕೆ ಹೋಗಬೇಕು ಎಂಬುದಕ್ಕೆ ಉತ್ತರ ಇದೇ. ಬೇಗ ಮುಗಿಸಿಕೊಡಿರೆಂದು ವೈದ್ಯರನ್ನು ಅವಸರಪಡಿಸುವುದರಿಂದ ಪ್ರಯೋಜನವಿಲ್ಲ.

ಉಪಕರಣದ ಚರಿತ್ರೆಯನ್ನು ಚುಟುಕಾಗಿ ಹೇಳಬಹುದು. ಮೊದಲು ಚಿನ್ನ, ಜರ್ಮನ್ ಸಿಲ್ವರ್. ೧೯೩೦ರ ದಶಕದಿಂದ ಮುಂದೆ ತುಕ್ಕುಹಿಡಿಯದ ಉಕ್ಕು. ಹಿಂದೆ ಪ್ರತಿಯೊಂದು ಹಲ್ಲಿಗೂ ಲೋಹದ ಉಂಗುರ ತೊಡಿಸಬೇಕಾಗಿತ್ತು. ನಕ್ಕರೆ ಬಾಯಿತುಂಬ ಲೋಹವೇ. ೧೯೫೫ರಲ್ಲಿ ಬುವೊನೊಕೋರ್ ಎಂಬುವನು ಹಲ್ಲಿನ ಮೇಲ್ಮೈಯನ್ನು ಫಾಸ್ಫಾರಿಕ್ ಆಮ್ಲದಿಂದ ಸ್ವಲ್ಪ ಒರಟು ಮಾಡಿದರೆ ಅಂಟು ಹಿಡಿಯುತ್ತದೆಂದು ತೋರಿಸಿದನು. ೧೯೬೫ರಲ್ಲಿ ನ್ಯೂಮನ್ ಅದೇ ತತ್ತ್ವದಿಂದ ಸಣ್ಣ ಬಿಲ್ಲೆಗಳನ್ನು ಹಲ್ಲಿಗೆ ನೇರವಾಗಿ ಅಂಟಿಸಿದನು. ಮಕ್ಕಳ ಮುಂದಿನ ಹಲ್ಲುಗಳ ಮೇಲೆ ಇಂದು ನಾವು ನೋಡುವ ಚಿಕ್ಕ ಚೌಕಗಳು ಅವೇ. ಅಮೆರಿಕೆಯ ನೌಕಾದಳದ ಪ್ರಯೋಗಶಾಲೆಯಲ್ಲಿ ಹುಟ್ಟಿದ ನಿಕ್ಕಲ್-ಟೈಟೇನಿಯಂ ಮಿಶ್ರಲೋಹವನ್ನು ಅಯೋವಾದ ಆಂಡ್ರಿಯಾಸನ್ ೧೯೭೦ರ ದಶಕದ ಆರಂಭದಲ್ಲಿ ಈ ಕೆಲಸಕ್ಕೆ ತಂದನು. ಎಷ್ಟು ಬಾಗಿಸಿದರೂ ತನ್ನ ಮೂಲ ಆಕಾರಕ್ಕೆ ಮರಳುವ ತಂತಿ ಅದು. ತಂತಿಯೇ ಇಲ್ಲದ, ಪಾರದರ್ಶಕ ಕವಚಗಳ ಪದ್ಧತಿ ೧೯೯೦ರ ದಶಕದ ಕೊನೆಯಲ್ಲಿ ಬಂದಿತು. ಅದು ಎಲ್ಲ ಬಾಯಿಗಳಿಗೂ ಒಗ್ಗುವುದಿಲ್ಲ, ನಮ್ಮ ಶಾಲೆಗಳ ಬಹುಪಾಲು ಮನೆಗಳಿಗೆ ಎಟುಕುವುದೂ ಇಲ್ಲ.

ನಮ್ಮ ದೇಶದಲ್ಲಿ ಡಾ. ರಫೀಉದ್ದೀನ್ ಅಹಮದರು ೧೯೨೦ರಲ್ಲಿ ಕಲ್ಕತ್ತೆಯಲ್ಲಿ ಮೊದಲ ದಂತವೈದ್ಯ ಕಾಲೇಜನ್ನು ಸ್ಥಾಪಿಸಿದರು. ದಂತವೈದ್ಯರ ಶಾಸನವಾದುದು ೧೯೪೮ರಲ್ಲಿ. ಬೆಂಗಳೂರಿನ ಸರಕಾರಿ ದಂತ ಕಾಲೇಜು ೧೯೫೮ರದು. ೧೯೬೫ರಲ್ಲಿ ಭಾರತೀಯ ಆರ್ಥೊಡಾಂಟಿಕ್ ಸೊಸೈಟಿ ಹುಟ್ಟಿತು, ಮಣಿಪಾಲದ ದಂತ ಕಾಲೇಜೂ ಅದೇ ವರ್ಷದ್ದು. ೧೯೫೬ರ ರಾಜ್ಯಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಆದರೆ ಹಲ್ಲುನೋವಿಗೆ ಗಡಿ ಗೊತ್ತಿಲ್ಲ. ಇಲ್ಲಿಯ ಮಕ್ಕಳು ತಿಂಗಳಿಗೊಮ್ಮೆ ತಲಪಾಡಿ ದಾಟಿ ಮಂಗಳೂರಿನ ಕಡೆಯ ದಂತ ಕಾಲೇಜುಗಳಿಗೆ ಹೋಗಿಬರುವುದು ಸಾಮಾನ್ಯ. ಕಾಲೇಜು ಆಸ್ಪತ್ರೆಯಲ್ಲಿ ಖರ್ಚು ಕಡಿಮೆ, ಕಾಯುವುದು ಹೆಚ್ಚು. ಆ ದಿನದ ಗೈರುಹಾಜರಿಯನ್ನು ಸೋಮಾರಿತನವೆಂದು ಬಗೆಯದಿರುವುದು ನಮ್ಮ ಕೈಯಲ್ಲಿದೆ.

ತಂತಿ ಬಿಗಿಸಿಕೊಂಡ ಮಗುವಿಗೆ ಏನಾಗುತ್ತದೆ? ಅಂಟಿಸುವಾಗ ನೋವಿಲ್ಲ. ಕೆಲವು ಗಂಟೆ ಕಳೆದ ಮೇಲೆ ಹಲ್ಲುಗಳಲ್ಲಿ ಮಂದವಾದ ನೋವು ಆರಂಭವಾಗುತ್ತದೆ. ಎರಡು ಮೂರು ದಿನ ಅಗಿಯಲಾಗದು. ಒಂದು ವಾರದೊಳಗೆ ಇಳಿಯುತ್ತದೆ. ಗಂಜಿ, ಮೆತ್ತನೆಯ ಅನ್ನ, ಇಡ್ಲಿ ಆ ದಿನಗಳ ಆಹಾರ. ಕೆನ್ನೆಯ ಒಳಗೆ ತಂತಿ ಉಜ್ಜಿ ಹುಣ್ಣಾಗುವುದುಂಟು. ವೈದ್ಯರು ಕೊಡುವ ಮೇಣವನ್ನು ಚುಚ್ಚುವ ಕಡೆ ಒತ್ತಿಟ್ಟರೆ ತಡೆಯಬಹುದು. ಚಕ್ಕುಲಿ, ಹುರಿಗಡಲೆ, ಹಲಸಿನ ಸೋಂಟೆ, ಕಬ್ಬು, ಅಂಟುವ ಮಿಠಾಯಿಗಳು ಚಿಕಿತ್ಸೆ ಮುಗಿಯುವವರೆಗೆ ವರ್ಜ್ಯ. ಬಿಲ್ಲೆ ಕಿತ್ತುಬಂದರೆ ಚಿಕಿತ್ಸೆ ಅಷ್ಟು ಮುಂದಕ್ಕೆ ಹೋಗುತ್ತದೆ. ಊಟವಾದ ಮೇಲೆ ಪ್ರತಿಸಲವೂ ಬ್ರಶ್ಶಿನಿಂದ ಉಜ್ಜಬೇಕು. ಉದಾಸೀನ ಮಾಡಿದರೆ ಬಿಲ್ಲೆಯ ಸುತ್ತ ಸುಣ್ಣ ಕರಗಿ ಬಿಳಿಯ ಕಲೆಗಳು ಉಳಿದುಬಿಡುತ್ತವೆ. ತಂತಿ ಬಿಚ್ಚಿದ ದಿನ ನೇರವಾದ, ಆದರೆ ಕಲೆಯಾದ ಹಲ್ಲನ್ನು ನೋಡಬೇಕಾಗುತ್ತದೆ. ಶಾಲೆಯ ನಲ್ಲಿಯ ಬಳಿ ಐದು ನಿಮಿಷ ನಿಲ್ಲಲು ಅನುಮತಿ ಕೇಳುವ ಮಗುವಿಗೆ ಕಾರಣ ಕೇಳಬೇಕಾಗಿಲ್ಲ.

ಕನ್ನಡ ಕಲಿಸುವವರು ಗಮನಿಸಬೇಕಾದುದೊಂದಿದೆ. ಹೊರಗೆ ಅಂಟಿಸಿದ ತಂತಿಯಿಂದ ಉಚ್ಚಾರಣೆ ಹೆಚ್ಚು ಕೆಡುವುದಿಲ್ಲ. ಆದರೆ ಅಂಗುಳಿಗೆ ಇಡುವ, ತೆಗೆದು ಹಾಕಬಹುದಾದ ಪ್ಲೇಟನ್ನು ಧರಿಸಿದಾಗ ನಾಲಿಗೆಯ ತುದಿಗೆ ತನ್ನ ಸ್ಥಾನ ತಪ್ಪುತ್ತದೆ. ತ ಥ ದ ಧ ನ, ಲ, ಸ ಇವನ್ನು ವ್ಯಾಕರಣಕಾರರು ದಂತ್ಯವೆಂದು ಕರೆದುದು ಸುಮ್ಮನಲ್ಲ. ‘ಸರಸ್ವತಿ’ ಎನ್ನಬೇಕಾದ ಬಾಯಿ ಕೆಲವು ದಿನ ತೊದಲುತ್ತದೆ. ಮಗು ಗಟ್ಟಿಯಾಗಿ ಓದುತ್ತ ಹೋದರೆ ಒಂದೆರಡು ವಾರಗಳಲ್ಲಿ ನಾಲಿಗೆ ಹೊಸ ದಾರಿಯನ್ನು ಕಲಿಯುತ್ತದೆ. ತೊದಲುವನೆಂದು ಪದ್ಯವಾಚನದಿಂದ ಕೈಬಿಟ್ಟರೆ ಅಭ್ಯಾಸವೂ ತಪ್ಪುತ್ತದೆ, ಮನಸ್ಸೂ ನೋಯುತ್ತದೆ. ಹೆಣ್ಣುಮಕ್ಕಳಿಗೆ ‘ಮದುವೆಗೆ ಮುಂಚೆ ಸರಿಮಾಡಿಸಬೇಕು’ ಎಂಬ ಮಾತು ಮನೆಯಲ್ಲಿಯೂ ಕೇಳುತ್ತಿರುತ್ತದೆ. ಹನ್ನೆರಡು ವರ್ಷದ ಹುಡುಗಿಗೆ ಆ ಭಾರ ಬೇಡವೆಂದು ಪಾಲಕರ ಸಭೆಯಲ್ಲಿ ಹೇಳಲು ನಾವು ಸಂಕೋಚಪಡುವುದಿಲ್ಲ. ಮುಂದೆ ಚಾಚಿದ ಹಲ್ಲು ಆಟದಲ್ಲಿ ಬಿದ್ದಾಗ ಸುಲಭವಾಗಿ ಮುರಿಯುತ್ತದೆ, ಒತ್ತಾಗಿ ಏರಿದ ಹಲ್ಲುಗಳ ಸಂದಿ ಶುಚಿಯಾಗುವುದು ಕಷ್ಟ. ಚಿಕಿತ್ಸೆಗೆ ಈ ಕಾರಣಗಳೇ ಸಾಕು.

ತಂತಿ ಬಿಚ್ಚಿದೊಡನೆ ಕಥೆ ಮುಗಿಯಿತೆಂದು ಹಲವರು ತಿಳಿಯುತ್ತಾರೆ. ಬೇರನ್ನು ಹಿಡಿದಿರುವ ನಾರುಗಳು ಹಳೆಯ ಸ್ಥಾನವನ್ನು ಬೇಗ ಮರೆಯುವುದಿಲ್ಲ. ಅಮೆರಿಕೆಯ ಸಿಯಾಟಲ್ ನಗರದ ವಿಶ್ವವಿದ್ಯಾಲಯದಲ್ಲಿ, ಹಲ್ಲು ತೆಗೆದು ಚಿಕಿತ್ಸೆಯಾದ ೬೫ ಮಂದಿಯನ್ನು, ಹಿಡಿದಿಡುವ ಉಪಕರಣ ನಿಲ್ಲಿಸಿ ಹತ್ತು ವರ್ಷಗಳಾದ ಮೇಲೆ ಪರೀಕ್ಷಿಸಿದರು. ಮೂರರಲ್ಲಿ ಎರಡು ಪಾಲು ಜನರ ಕೆಳಗಿನ ಬಾಚಿಹಲ್ಲುಗಳು ತೃಪ್ತಿಕರವಾಗಿ ಉಳಿದಿರಲಿಲ್ಲವೆಂದು ೧೯೮೧ರಲ್ಲಿ ಪ್ರಕಟಿಸಿದರು. ಟ್ವೀಡನು ಹುಡುಕಿದ ಸ್ಥಿರತೆ ಹಲ್ಲು ಕಿತ್ತ ಮಾತ್ರಕ್ಕೆ ಸಿಗುವುದಿಲ್ಲವೆಂದು ಹೀಗೆ ತಿಳಿಯಿತು. ಆದುದರಿಂದ ತಂತಿ ಬಿಚ್ಚಿದ ಮೇಲೆ ರಿಟೇನರನ್ನು ವೈದ್ಯರು ಹೇಳಿದಷ್ಟು ಕಾಲ, ಮೊದಲು ಹಗಲಿರುಳು, ಬಳಿಕ ರಾತ್ರಿ ಮಾತ್ರ, ವರ್ಷಗಟ್ಟಲೆ ಧರಿಸಬೇಕಾಗುತ್ತದೆ. ಬಿಸಿನೀರಿನಲ್ಲಿ ತೊಳೆದರೆ ಅದರ ಆಕಾರ ಕೆಡುತ್ತದೆ, ತಣ್ಣೀರೇ ಆಗಬೇಕು. ಶಾಲೆಯಲ್ಲಿ ಅದು ಕಳೆದುಹೋಗುವುದು ಹೆಚ್ಚಾಗಿ ಮಧ್ಯಾಹ್ನದ ಊಟದ ಹೊತ್ತಿನಲ್ಲಿ: ತೆಗೆದು ಕಾಗದದಲ್ಲಿ ಸುತ್ತಿ ಬಟ್ಟಲಿನ ಪಕ್ಕದಲ್ಲಿಡುತ್ತಾರೆ, ಎದ್ದು ಹೋಗುವಾಗ ಕಾಗದವು ಕಸದೊಡನೆ ಹೋಗುತ್ತದೆ. ಚೀಲದಲ್ಲಿ ಒಂದು ಪುಟ್ಟ ಡಬ್ಬಿ ಇರಲಿ.